ಹೊರಗಿನ ತಾಜಾ ಗಾಳಿಗಾಗಿ ಕಾದಿರುವ ಪ್ರತಿಭಾ ನಿರ್ದೇಶಕರಿಗೆ

ಮಾನ್ಯರೇ,

ಹದಿನಾಲ್ಕು ಶಾಲೆಗಳ ನಮ್ಮ ಟ್ರಸ್ಟಿನ ಪ್ರತಿಭಾ ನಿರ್ದೇಶಕರೂ, ನಾಯಕತ್ವವೆಂಬ ಅಪರೂಪದ ಬೆಳೆಯನ್ನು ಬರೀ ಪ್ರೊಜೆಕ್ಟರ್ ಬೆಳಕಿನಲ್ಲೇ ಬೆಳೆಯಬಲ್ಲವರೂ, ಯಾರಿಗೂ 'ಇಲ್ಲ' ಎನ್ನದೆಯೇ ಎಲ್ಲರನ್ನೂ ಬರಿಗೈಯಲ್ಲಿ ಕಳಿಸುವ ಸೌಜನ್ಯಮೂರ್ತಿಗಳೂ ಆದ ಶ್ರೀ ಕ್ರಿಸ್ಪಿನ್ ಆಡ್ಲಿಂಗ್ಟನ್ ಅವರಿಗೆ ಸ್ಕಾರ್‌ಹೋಮ್ ಪ್ರೌಢಶಾಲೆಯ ಪ್ರಭಾರ ಮುಖ್ಯೋಪಾಧ್ಯಾಯಿನಿ ಬೆವರ್ಲಿ ಹೋಲ್ರಾಯ್ಡ್ ಮಾಡುವ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ಮೇ ತಿಂಗಳ ಕೊನೆಯ ವಾರದ ರಜೆಯಾದ್ದರಿಂದ ಶಾಲೆಯಲ್ಲಿ ಮಕ್ಕಳಿಲ್ಲ. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಲೆನ್ ಡಗ್‌ಡೇಲ್ ಮೆಟ್ಟಿಲ ಕಂಬಿಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದಾರೆ. ನಾನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಕೂರಲು ಅನುಮತಿಯಿದ್ದೂ ಒರಗಲು ಅನುಮತಿಯಿಲ್ಲದ ಆ ಕುರ್ಚಿಯ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೋರಬೇಕು. ಈ ಹಿಂದೆ ಗುಟ್ಟಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ಕಚೇರಿಯ ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಉತ್ತರ ಕೊಟ್ಟಿತ್ತು. ಅಷ್ಟು ಅಮೂಲ್ಯವಾದ ವಸ್ತುವನ್ನು ಒಂದು ಕಂಪ್ಯೂಟರಿನೊಳಗೆ ಬಚ್ಚಿಟ್ಟು ಲೋಕವನ್ನು ವಂಚಿಸುವುದು ತರವಲ್ಲವೆಂದು ತೋರಿ, ಈ ಸಲ ಒಂದು ಪ್ರತಿಯನ್ನು ಸಿಬ್ಬಂದಿ ಕೋಣೆಯ ಫಲಕಕ್ಕೂ ಇನ್ನೊಂದನ್ನು ನಮ್ಮೂರಿನ ವಾರಪತ್ರಿಕೆಗೂ ಕಳಿಸಿದ್ದೇನೆ. ಪತ್ರಿಕೆಯವರು ಇದನ್ನು ಕಳೆದುಹೋದ ಬೆಕ್ಕುಗಳ ಜಾಹೀರಾತಿನ ಪಕ್ಕದಲ್ಲಿ ಹಾಕುವುದಾಗಿ ಹೇಳಿದ್ದಾರೆ.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಮುಖ್ಯೋಪಾಧ್ಯಾಯರಾಗಿದ್ದ ಶ್ರೀ ಎಂಟ್‌ವಿಸಲ್ ಬೆನ್ನುನೋವೆಂದು ನಿವೃತ್ತರಾದಾಗ, ಉಪಮುಖ್ಯೋಪಾಧ್ಯಾಯಿನಿಯಾಗಿದ್ದ ನನ್ನ ಹೆಗಲ ಮೇಲೆ ತಾವು ಕೈಯಿಟ್ಟು, "ಒಂದೇ ಒಂದು ಟರ್ಮ್ ನೋಡ್ಕೊಳ್ಳಿ ಬೆವ್, ಕ್ರಿಸ್ಮಸ್ ಹೊತ್ತಿಗೆ ಯಾರನ್ನಾದ್ರೂ ಹುಡುಕ್ಬಿಡ್ತೀವಿ" ಎಂದಿರಿ. ಯಾವ ಕ್ರಿಸ್ಮಸ್ ಎಂದು ತಾವು ಹೇಳಲಿಲ್ಲ, ನಾನೂ ಕೇಳಲಿಲ್ಲ, ತಪ್ಪು ನನ್ನದೇ. ಅಂದಿನಿಂದ ಈ ಶಾಲೆಯ ಸೋರುವ ಛಾವಣಿ, ಮುನಿಸಿಕೊಂಡ ಪೋಷಕರು, ಕೆಟ್ಟು ನಿಂತ ಬಾಯ್ಲರು, ಹಾಜರಾತಿ, ತಪಾಸಣೆಗೆ ಬಂದ ಇನ್‌ಸ್ಪೆಕ್ಟರುಗಳು ಎಲ್ಲವನ್ನೂ ತಲೆ ಮೇಲೆ ಹೊತ್ತಿದ್ದೇನೆ. ಇನ್‌ಸ್ಪೆಕ್ಟರುಗಳು ಹೋಗುವಾಗ 'ಶಾಲೆಗೆ ಒಳ್ಳೆಯ ನಾಯಕತ್ವವಿದೆ' ಎಂದು ಬರೆದುಹೋದರು. ತಾವು ಆ ಸಾಲನ್ನು ಟ್ರಸ್ಟಿನ ಜಾಲತಾಣದಲ್ಲಿ ಹಾಕಿ, ಅದರ ಕೆಳಗೆ ತಮ್ಮ ಭಾವಚಿತ್ರವನ್ನು ಅಂಟಿಸಿದಿರಿ. ಫೋಟೋ ಚೆನ್ನಾಗಿ ಬಂದಿದೆ.

ತಮ್ಮ ಕಾಲದಲ್ಲಿ ನಾಯಕರಿಗೆ ಬರಗಾಲ ಬಂತೆಂದು ಯಾರೂ ದೂರುವ ಹಾಗಿಲ್ಲ. ಪಾಠ ಮಾಡುತ್ತಾ ಕೂರುವವರು ವೃತ್ತಿಯಲ್ಲಿ ಬೆಳೆಯುತ್ತಿಲ್ಲವೆಂದು ತಾವು ಕಂಡುಹಿಡಿದ ಮೇಲೆ ನಮ್ಮಲ್ಲಿ ಓದಿನ ನಾಯಕಿ ಬಂದರು, ಹಾಜರಾತಿ ನಾಯಕರು ಬಂದರು, ನೆಮ್ಮದಿ ನಾಯಕಿ ಬಂದು ಮೂರೇ ವಾರಕ್ಕೆ ನೆಮ್ಮದಿಯಿಲ್ಲದೆ ರಜೆ ಹಾಕಿದರು, ಕಾರಿಡಾರುಗಳಿಗೆ ಒಬ್ಬರು ನಾಯಕರಾದರು. ನಾಯಕರಾದವರಿಗೆಲ್ಲ ಸಭೆಗಳಿರುವುದರಿಂದ ಅವರ ತರಗತಿಗಳಿಗೆ ಹೋಗುವವರು ಯಾರು ಎಂಬ ಅಲ್ಪ ಪ್ರಶ್ನೆಯೊಂದು ಉಳಿಯಿತು. ಅದಕ್ಕೆ ನಾನಿದ್ದೆ. ಪ್ರಭಾರದವಳಾದ್ದರಿಂದ ನಾನು ಪೂರ್ತಿ ನಾಯಕಿಯಲ್ಲ; ಹಾಗಾಗಿ ಪಾಠ ಮಾಡಲು ಅಡ್ಡಿಯಿರಲಿಲ್ಲ. ಒಂಬತ್ತನೇ ತರಗತಿಯವರಿಗೆ ನಾನು ಭೂಗೋಳವನ್ನೂ ಫ್ರೆಂಚನ್ನೂ ಒಂದೇ ದಿನ ಕಲಿಸಿದ್ದೇನೆ. ನನ್ನ ಫ್ರೆಂಚು ಕೇಳಿದ ಮಕ್ಕಳು ನದಿಗಳ ಪಾಠವನ್ನೇ ಮುಂದುವರಿಸಿ ಎಂದು ಕೈಮುಗಿದರು.

ಕೊನೆಗೂ ಈ ಮೇ ತಿಂಗಳ ಮೊದಲ ವಾರದಲ್ಲಿ ಮುಖ್ಯೋಪಾಧ್ಯಾಯರ ಹುದ್ದೆಗೆ ಸಂದರ್ಶನದ ದಿನ ಗೊತ್ತಾಯಿತು. ನಾನೂ ಅರ್ಜಿ ಹಾಕಿದೆ. ಮಾನ್ಯರೇ, ಬಹಿರಂಗ ಪತ್ರವೆಂದ ಮೇಲೆ ಇದನ್ನೂ ಬಹಿರಂಗವಾಗಿಯೇ ಹೇಳಿಬಿಡುತ್ತೇನೆ: ನನಗೆ ಆ ಕೆಲಸ ಬೇಕಿತ್ತು. ತ್ಯಾಗ, ಸೇವೆ ಎಂದೆಲ್ಲ ಸುಳ್ಳು ಹೇಳುವುದಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ನನ್ನ ಹೆಸರಿನ ಹಿಂದಿನ 'ಪ್ರಭಾರ' ಎಂಬ ಪದವನ್ನು ಲೆನ್ ಸ್ಕ್ರೂಡ್ರೈವರ್ ತಂದು ಕಿತ್ತುಹಾಕುವುದನ್ನು ನಿಂತು ನೋಡುವ ಆಸೆಯಿತ್ತು. ಅದಕ್ಕೆಂದೇ ನೀಲಿ ಬಣ್ಣದ ಹೊಸ ಕೋಟು ಕೂಡ ಕೊಂಡಿದ್ದೆ.

ಸಂದರ್ಶನದ ದಿನವನ್ನು ಏರ್ಪಡಿಸುವುದು ಶಾಲೆಯ ಮುಖ್ಯಸ್ಥರ ಕರ್ತವ್ಯವಷ್ಟೆ. ಹಾಗಾಗಿ ಅಭ್ಯರ್ಥಿಗಳಿಗೆ ಮೊಟ್ಟೆಯ ಸ್ಯಾಂಡ್‌ವಿಚ್ ಹೇಳಿದವಳು ನಾನು, ಕೋಣೆಗಳನ್ನು ಕಾದಿರಿಸಿದವಳು ನಾನು, ಮೂವರ ಹೆಸರಿನ ಚೀಟಿ ಅಚ್ಚು ಹಾಕಿ ಅದರಲ್ಲೊಂದನ್ನು ನನ್ನ ಕೋಟಿಗೇ ಚುಚ್ಚಿಕೊಂಡವಳೂ ನಾನು. ಬೆಳಿಗ್ಗೆ ಗೇಟಿನ ಬಳಿ ನಿಂತು ಡಾನ್‌ಕಾಸ್ಟರ್‌ನಿಂದ ಬಂದ ಶ್ರೀಮತಿ ಥ್ರೆಲ್‌ಫಾಲ್ ಅವರನ್ನೂ, ದೂರದ ದಕ್ಷಿಣದ ಸರ್ರೆ ಕಡೆಯಿಂದ ಬಂದ ಶ್ರೀ ಜೂಲಿಯನ್ ಟಿಂಡಾಲ್ ಅವರನ್ನೂ ಕೈಕುಲುಕಿ ಸ್ವಾಗತಿಸಿದ ಮೇಲೆ, ಮೂರನೆಯ ಅಭ್ಯರ್ಥಿ ಎಲ್ಲಿ ಎಂದು ಶ್ರೀ ಟಿಂಡಾಲ್ ಕೇಳಿದರು. ನಾನೇ ಎಂದೆ. ಅವರು ಬಹಳ ಹೊತ್ತು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು.

ಎಲ್ಲ ಅಭ್ಯರ್ಥಿಗಳನ್ನೂ ಸಮಾನವಾಗಿ ಕಾಣಬೇಕೆಂಬ ತಮ್ಮ ನಿಯಮದ ಬಗ್ಗೆ ನನಗೆ ಅಪಾರ ಗೌರವವಿದೆ. ಹೊರಗಿನವರಿಗೆ ಇಲ್ಲದ ಅನುಕೂಲ ಒಳಗಿನವಳಿಗೆ ಇರಬಾರದೆಂದು ತಾವು ನನ್ನ ಕೊರಳಿನಿಂದ ಬಾಗಿಲುಗಳನ್ನು ತೆರೆಯುವ ಸಿಬ್ಬಂದಿಯ ಹಸಿರು ಟ್ಯಾಗನ್ನು ಬಿಚ್ಚಿಸಿ, ಹೊರಗಿನಿಂದ ಭೇಟಿಗೆ ಬರುವ ಸಂದರ್ಶಕರ ಕೆಂಪು ಟ್ಯಾಗನ್ನು ಹಾಕಿಸಿದಿರಿ. ಕೆಂಪು ಟ್ಯಾಗಿನವರು ಶಾಲೆಯೊಳಗೆ ಒಂಟಿಯಾಗಿ ತಿರುಗುವ ಹಾಗಿಲ್ಲ; ಅದು ನಾನೇ ಸಹಿ ಹಾಕಿದ ನಿಯಮ. ಹಾಗಾಗಿ ಶಾಲೆ ಸುತ್ತಿಸಿ ತೋರಿಸಲು ನನಗೂ ಒಬ್ಬ ವಿದ್ಯಾರ್ಥಿನಿಯನ್ನು ಜೊತೆ ಮಾಡಲಾಯಿತು: ಎಂಟನೇ ತರಗತಿಯ ಅರೂಬಾ. ಕರ್ತವ್ಯದಲ್ಲಿ ಅವಳು ಕೂದಲೆಳೆಯಷ್ಟೂ ತಪ್ಪಲಿಲ್ಲ. "ಇದು ನಮ್ ಲೈಬ್ರರಿ ಮಿಸ್. ಇದು ಊಟದ ಹಾಲ್. ಇದು ಹುಡುಗೀರ ಟಾಯ್ಲೆಟ್, ಇದರ ಬೀಗ ಸರಿ ಇರ್ಲಿಲ್ಲ, ನಮ್ ಹೆಡ್‌ಮಿಸ್ಸು ಜಗಳ ಆಡಿ ಹಾಕ್ಸಿದ್ರು" ಎಂದು ಹೇಳಿ, ಮಾತಿನ ನಡುವೆ ನನ್ನ ಮುಖ ನೋಡಿ, "ಅವ್ರು ಒಳ್ಳೇವ್ರೇ, ಆದ್ರೆ ಶೂ ವಿಷಯದಲ್ಲಿ ಮಾತ್ರ ಜಾಸ್ತಿ ಬೈತಾರೆ" ಎಂದು ಸೇರಿಸಿದಳು. ಸಂದರ್ಶಕಳಾದ ನಾನು ಆ ಮಾತನ್ನು ಗಂಭೀರವಾಗಿ ಕೇಳಿಸಿಕೊಂಡು ತಲೆಯಾಡಿಸಿದೆ.

ಅನಂತರ ಮೇಜಿನ ಪರೀಕ್ಷೆ. ಕಾಲ್ಪನಿಕ ಸಂಕಟಗಳನ್ನು ಕಾಗದದ ಮೇಲೆ ಕೊಟ್ಟು, ನಾಯಕರಾದವರು ಯಾವುದನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆಂದು ಬರೆಸುವ ಆ ಪರೀಕ್ಷೆಯನ್ನು ಯಾರು ಕಂಡುಹಿಡಿದರೋ ತಿಳಿಯದು, ಅವರಿಗೊಂದು ಪ್ರತಿಮೆ ನಿಲ್ಲಿಸಬೇಕು. ಮೊದಲ ಪ್ರಶ್ನೆ, ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದಿದೆ, ಏನು ಮಾಡುವಿರಿ ಎಂಬುದಾಗಿತ್ತು. ನಾನು ಎರಡು ಸಾಲು ಬರೆದಿದ್ದೆನಷ್ಟೆ, ಬೆಂಕಿಯ ಎಚ್ಚರಿಕೆ ಗಂಟೆ ಹೊಡೆಯಿತು. ಕಾಗದದ ಮೇಲಲ್ಲ, ಗೋಡೆಯ ಮೇಲೆ.

ಕಾರಣವನ್ನು ಆಮೇಲೆ ಲೆನ್ ಪತ್ತೆ ಹಚ್ಚಿದರು. ಸಿಬ್ಬಂದಿ ಕೋಣೆಯ ಟೋಸ್ಟರಿನಲ್ಲಿ ತಾವು ಒಣದ್ರಾಕ್ಷಿಯ ಬನ್ನೊಂದನ್ನು ಬಿಸಿಗಿಟ್ಟು, ಫೋನಿನಲ್ಲಿ ಯಾರೊಂದಿಗೋ ನಾಯಕತ್ವದ ಬಗ್ಗೆ ಮಾತಾಡಲು ಕಿಟಕಿಯ ಕಡೆ ಹೋಗಿದ್ದಿರಂತೆ. ದಪ್ಪ ಬನ್ನು ಆ ಟೋಸ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದರ ಮೇಲೆ ನಾನು ಚೀಟಿ ಅಂಟಿಸಿದ್ದೆ; ಆದರೆ ಚೀಟಿಗಳು ಒಳಗಿನವರಿಗೆ ಮಾತ್ರ ಕಾಣುವಂಥವು. ಆ ಹೊತ್ತಿನಲ್ಲಿ ಬನ್ನಿನ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಮೇಲಿನ ಮಹಡಿಯಲ್ಲಿ ಹನ್ನೊಂದನೇ ತರಗತಿಯವರು ಪರೀಕ್ಷೆಗೆ ಓದುತ್ತಿದ್ದಾರೆ, ಕೆಳಗೆ ಗಾಲಿಕುರ್ಚಿಯ ಹುಡುಗನೊಬ್ಬನಿದ್ದಾನೆ, ಮತ್ತು ಕಾರಿಡಾರ್ ನಾಯಕರು ಅಂದು ಲೀಡ್ಸ್‌ನಲ್ಲಿ ಕಾರಿಡಾರುಗಳ ಬಗ್ಗೆ ತರಬೇತಿಗೆ ಹೋಗಿದ್ದಾರೆ. ಪೆನ್ನು ಕೆಳಗಿಟ್ಟು ಎದ್ದು ಓಡಿದೆ. ನನ್ನ ಕೆಂಪು ಟ್ಯಾಗಿಗೆ ಯಾವ ಬಾಗಿಲೂ ತೆರೆಯದಿದ್ದಾಗ, ಕೋಣೆಯ ಹೊರಗೆ ನನಗಾಗಿ ಕಾದಿದ್ದ ಅರೂಬಾಳನ್ನು ಜೊತೆಗಿಟ್ಟುಕೊಂಡು, ಪ್ರತಿ ಬಾಗಿಲಲ್ಲೂ ನಾನು ಸಂದರ್ಶಕಳೆಂದು ಯಾರಿಗೋ ಕೂಗಿ ಹೇಳಿ ತೆಗೆಸಿಕೊಂಡು, ಇಡೀ ಶಾಲೆಯನ್ನು ಮೈದಾನಕ್ಕೆ ಇಳಿಸಿದೆ. ಶ್ರೀಮತಿ ಥ್ರೆಲ್‌ಫಾಲ್ ಅವರೂ ಪೆನ್ನು ಬಿಸಾಕಿ ಹಿಂದೆಯೇ ಬಂದರು. ಪರಿಚಯವಿಲ್ಲದ ಊರಿನಲ್ಲಿ, ಪರಿಚಯವಿಲ್ಲದ ಮಕ್ಕಳನ್ನು ಸಾಲು ನಿಲ್ಲಿಸಿ, ಗಾಲಿಕುರ್ಚಿಯನ್ನು ತಾವೇ ತಳ್ಳಿದರು. ಆ ಹೆಂಗಸನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ.

ಮೈದಾನದಲ್ಲಿ ತಲೆ ಎಣಿಸುತ್ತಿದ್ದಾಗ ಲೆನ್ ಏದುಸಿರು ಬಿಡುತ್ತಾ ಬಂದು, "ಮೇಡಂ, ಒಳಗೊಬ್ರು ಕೂತಿದಾರೆ. ಏಳಿ ಸ್ವಾಮಿ ಅಂದ್ರೆ, ಇನ್ನೊಂದು ಪ್ಯಾರಾ ಬಾಕಿ ಇದೆ ಅಂತಾರೆ" ಎಂದರು. ಅದು ಶ್ರೀ ಟಿಂಡಾಲ್. ಗಂಟೆ ಕಿವಿಗಡಚಿಕ್ಕುವ ಹಾಗೆ ಹೊಡೆಯುತ್ತಿದ್ದ ಕೋಣೆಯಲ್ಲಿ, ಗಂಟೆ ಹೊಡೆದರೆ ಏನು ಮಾಡಬೇಕೆಂದು ಅವರು ಬರೆದ ಉತ್ತರವನ್ನು ಆಮೇಲೆ ತಾವೇ ಎಲ್ಲರಿಗೂ ಓದಿ ಹೇಳಿದಿರಿ. 'ಮೊದಲು ಒಂದು ಕ್ಷಣ ಆಳವಾಗಿ ಉಸಿರೆಳೆದುಕೊಂಡು, ಭಾಗೀದಾರರೆಲ್ಲರ ಭಾವನೆಗಳನ್ನು ಆಲಿಸಿ, ಸುರಕ್ಷತೆಯ ನಮ್ಮ ಸಮಾನ ಕನಸನ್ನು ಅವರೊಂದಿಗೆ ಹಂಚಿಕೊಳ್ಳುತ್ತೇನೆ' ಎಂಬ ಆ ಸಾಲು ಕೇಳಿ ನನ್ನ ರೋಮಗಳು ನಿಮಿರಿ ನಿಂತವು. ಹೊಗೆಯಲ್ಲಿ ಆಳವಾಗಿ ಉಸಿರೆಳೆದುಕೊಳ್ಳಬಾರದೆಂದು ನಾವು ಆರನೇ ತರಗತಿಯಿಂದ ಬಂದ ಪುಟ್ಟ ಮಕ್ಕಳಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ, ಆದರೆ ಅದು ಬರೀ ಮಾಹಿತಿ; ಇದು ದರ್ಶನ.

ತಾವು ಕೊನೆಗೆ ಹೊರಗೆ ಬಂದಾಗ ತಮ್ಮ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಕರಕಲಾದ ಬನ್ನಿತ್ತು. ಸಾಲಾಗಿ ನಿಂತ ಮಕ್ಕಳ ಮೇಲೆ ಕಣ್ಣಾಡಿಸಿ ತಾವು, "ಭೇಷ್, ಇದನ್ನೆಲ್ಲ ಯಾರು ನೋಡ್ಕೊಂಡಿದ್ದು?" ಎಂದು ಕೇಳಿದಿರಿ. "ಅವ್ರೇ ಸರ್, ಕೆಂಪು ಟ್ಯಾಗ್ ಹಾಕ್ಕೊಂಡಿದಾರಲ್ಲ, ಶಾಲೆ ನೋಡೋಕೆ ಬಂದಿರೋರು" ಎಂದು ಅರೂಬಾ ಹೇಳಿದಳು. ತಾವು ನನ್ನತ್ತ ನೋಡಿ ನಕ್ಕು, ಬನ್ನಿನ ಸುಡದ ಭಾಗವನ್ನು ಹುಡುಕತೊಡಗಿದಿರಿ.

ಊಟದ ಹೊತ್ತಿಗೆ ಅಭ್ಯರ್ಥಿಗಳಲ್ಲಿ ಕೆಲವರನ್ನು ಮನೆಗೆ ಕಳಿಸುವುದು ನಮ್ಮ ಶಾಲೆಗಳ ಪುರಾತನ ಪದ್ಧತಿ. ಬೆಳಗಿನಿಂದ ಒಂದೇ ಕೋಣೆಯಲ್ಲಿ ಒಂದೇ ತಟ್ಟೆಯ ಬಿಸ್ಕತ್ತು ತಿಂದು, ಪರಸ್ಪರ ಮಕ್ಕಳ ಫೋಟೋ ನೋಡಿ, ಒಬ್ಬರ ಸೋಲಿಗಾಗಿ ಇನ್ನೊಬ್ಬರು ಒಳಗೊಳಗೇ ಪ್ರಾರ್ಥಿಸುತ್ತಾ ಕೂತವರಲ್ಲಿ ಒಬ್ಬೊಬ್ಬರನ್ನಾಗಿ ಹೊರಗೆ ಕರೆದು ಟ್ಯಾಕ್ಸಿ ಹತ್ತಿಸುವ ಆ ಪದ್ಧತಿಯಲ್ಲಿ, ಸುದ್ದಿ ಹೇಳುವ ಭಾರ ಶಾಲೆಯ ಮುಖ್ಯಸ್ಥರದು. ತಾವು ನನ್ನನ್ನು ಕಾರಿಡಾರಿಗೆ ಕರೆದು, ದನಿ ತಗ್ಗಿಸಿ, "ಇಬ್ಬರನ್ನ ಕಳಿಸ್ಬೇಕಾಗಿದೆ ಬೆವ್. ಪದ್ಧತಿ ಪ್ರಕಾರ ನೀವೇ ಹೇಳ್ಬಿಟ್ರೆ ಚೆನ್ನಾಗಿರುತ್ತೆ. ಮೊದಲು ಮಿಸೆಸ್ ಥ್ರೆಲ್‌ಫಾಲ್‌ಗೆ ಹೇಳಿ. ಆಮೇಲೆ… ಅದೇ, ನಿಮಗೂ ಹೇಳ್ಬಿಡಿ" ಎಂದಿರಿ. ನಾನು ಕೊರಳಿನ ಕೆಂಪು ಟ್ಯಾಗನ್ನು ನೋಡಿಕೊಂಡದ್ದನ್ನು ಕಂಡು ತಮ್ಮ ಮನಸ್ಸು ಕರಗಿರಬೇಕು, "ತಪ್ಪು ತಿಳ್ಕೋಬೇಡಿ, ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಶಾಲೆಗೆ ಸ್ವಲ್ಪ ಹೊರಗಿನ ತಾಜಾ ಗಾಳಿ ಬೇಕು ನೋಡಿ" ಎಂದು ಸಮಾಧಾನವನ್ನೂ ಹೇಳಿದಿರಿ. ಸುಟ್ಟ ಬನ್ನಿನ ವಾಸನೆ ಆಗಿನ್ನೂ ಕಾರಿಡಾರಿನಲ್ಲಿತ್ತು.

ಒಪ್ಪಿಸಿದ ಕೆಲಸವನ್ನು ನಾನು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ. ಶ್ರೀಮತಿ ಥ್ರೆಲ್‌ಫಾಲ್ ಅವರಿಗೆ ಸುದ್ದಿ ಹೇಳಿ, ತಬ್ಬಿಕೊಂಡು, ಸ್ಯಾಂಡ್‌ವಿಚ್ ಕಟ್ಟಿಕೊಟ್ಟು ಟ್ಯಾಕ್ಸಿ ಹತ್ತಿಸಿದೆ. ಆಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಎಲ್ಲಿ ಕೂರಬೇಕೆಂದು ತೋಚದೆ ಮೊದಲು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತು, ಎದುರಿನ ಖಾಲಿ ಕುರ್ಚಿಗೆ ತಮ್ಮ ಕಚೇರಿ ಕಲಿಸಿದ ಮಾತುಗಳನ್ನೆಲ್ಲ ಹೇಳಿದೆ: ಇಂದು ಸ್ಪರ್ಧೆ ಬಹಳ ಬಿರುಸಾಗಿತ್ತು, ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದ, ಒತ್ತಡದ ಹೊತ್ತಿನಲ್ಲಿ ಕೈಗೆತ್ತಿಕೊಂಡ ಉತ್ತರವನ್ನು ಅರ್ಧಕ್ಕೆ ಬಿಟ್ಟು ಹೋಗುವ ಪ್ರವೃತ್ತಿಯ ಬಗ್ಗೆ ತಾವು ಸ್ವಲ್ಪ ಯೋಚಿಸಬೇಕು, ಟ್ಯಾಕ್ಸಿ ತರಿಸಲೇ. ಆಮೇಲೆ ಎದ್ದು ಆ ಕಡೆಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡೆ. ಆಫೀಸಿನ ಪಾಲೀನ್ ಚಹಾ ಹಿಡಿದು ಒಳಗೆ ಬಂದವರು, "ಯಾರ ಜೊತೆ ಮಾತಾಡ್ತಿದ್ರಿ ಮೇಡಂ?" ಎಂದರು. ಸೋತ ಅಭ್ಯರ್ಥಿಯ ಜೊತೆ ಎಂದೆ. "ಅಯ್ಯೋ ಪಾಪ. ಹೇಗೆ ತಗೊಂಡ್ರು?" ಎಂದು ಕೇಳಿದರು. ಚೆನ್ನಾಗಿಯೇ ತಗೊಂಡರು ಎಂದೆ. ಪಾಲೀನ್ ಹೋದ ಮೇಲೆ ಅಷ್ಟು ಚೆನ್ನಾಗಿ ತೆಗೆದುಕೊಳ್ಳಲಿಲ್ಲ. ಹೊಸ ಕೋಟಿನ ತೋಳಿಗೆ ಮುಖ ಒರೆಸಿಕೊಂಡು ಅತ್ತೆ, ಮಾನ್ಯರೇ. ಆ ಕೋಟು ನೀರಿಗೆ ಬಣ್ಣ ಬಿಡುತ್ತದೆಂದು ಅಂಗಡಿಯವನು ಹೇಳಿರಲಿಲ್ಲ.

ಅಭ್ಯರ್ಥಿಯನ್ನು ಗೇಟಿನವರೆಗೆ ಬಿಟ್ಟು ಬರುವುದೂ ನಿಯಮ. ಒಂಟಿಯಾಗಿ ಹೋಗುವ ಹಾಗಿಲ್ಲವಾದ್ದರಿಂದ ಅರೂಬಾಳನ್ನು ಮತ್ತೆ ಕರೆಸಿದೆ. ಕೆನ್ನೆಗೆ ನೀಲಿ ಬಣ್ಣ ಮೆತ್ತಿಕೊಂಡ ಹೆಂಗಸಿನ ಪಕ್ಕದಲ್ಲಿ ಅವಳು ಹೆಜ್ಜೆ ಹಾಕಿದಳು. ಗೇಟಿನ ಬಳಿ ಕೆಂಪು ಟ್ಯಾಗನ್ನು ವಾಪಸು ಇಸಕೊಂಡು, "ನಮ್ ಶಾಲೆಗೆ ಬಂದಿದ್ದಕ್ಕೆ ಥ್ಯಾಂಕ್ಸ್" ಎಂದು ಕಲಿಸಿದ ಹಾಗೆ ಹೇಳಿ, ಆಮೇಲೆ ಕಲಿಸದ ಮಾತೊಂದನ್ನು ಕೇಳಿದಳು: "ಮಿಸ್, ನಾಳೆ ಬರ್ತೀರಲ್ವಾ?" ನಾಳೆ ಏನು, ಈಗಲೇ ಬರುತ್ತೇನೆಂದು ಹೇಳಿ, ಹೊರಗಿನ ಕಾಲುದಾರಿಯಲ್ಲಿ, ಕೋಣೆಯಿಂದ ತಂದಿದ್ದ ನನ್ನ ಹಸಿರು ಟ್ಯಾಗು ಹಾಕಿಕೊಂಡು ಅದೇ ಗೇಟಿನಿಂದ ಒಳಗೆ ಬಂದೆ. ಮಧ್ಯಾಹ್ನ ಒಂಬತ್ತನೇ ತರಗತಿಯವರಿಗೆ ಪಾಠವಿತ್ತು, ಸಂಜೆ ಬಸ್ಸುಗಳ ಬಳಿ ನಿಲ್ಲುವವರು ಬೇರೆ ಯಾರೂ ಇರಲಿಲ್ಲ.

ಆ ಮಧ್ಯಾಹ್ನ ಒಬ್ಬರೇ ಉಳಿದ ಅಭ್ಯರ್ಥಿಗಳ ನಡುವೆ ತಾವು ನಡೆಸಿದ ತೀವ್ರ ಸ್ಪರ್ಧೆಯಲ್ಲಿ ಶ್ರೀ ಟಿಂಡಾಲ್ ಗೆದ್ದರು. ಸಂದರ್ಶನದ ಕೊನೆಗೆ, ಅಲ್ಲಿಯವರೆಗೆ ಉಳಿದವರಿಗೆ ಮಾತ್ರ ಕೇಳುವ ಆ ಪ್ರಸಿದ್ಧ ಪ್ರಶ್ನೆಯನ್ನು ತಾವು ಕೇಳಿದಿರಂತೆ: ತಾವು ಈಗಲೂ ದೃಢ ಅಭ್ಯರ್ಥಿಯೇ? ಅಂದರೆ, ಇವತ್ತು ಸಂಜೆ ಫೋನು ಮಾಡಿ ಕೆಲಸ ಕೊಟ್ಟರೆ ಮರುಮಾತಿಲ್ಲದೆ ಒಪ್ಪುವಿರೇ? ಯೋಚಿಸಿ ಹೇಳುತ್ತೇನೆ ಎಂದರೆ ಅಲ್ಲಿಗೆ ಕಥೆ ಮುಗಿಯುವ ನಮ್ಮ ಈ ವೃತ್ತಿಯಲ್ಲಿ ಅದೊಂದು ಪ್ರಶ್ನೆಗೆ ಕೊಡುವ ಮಾತು ಬಹಳ ದೊಡ್ಡದು. "ಎಂದಿಗಿಂತ ದೃಢ" ಎಂದರಂತೆ ಶ್ರೀ ಟಿಂಡಾಲ್. ಆ ದೃಢತೆ ಒಂದು ವಾರದ ಮೇಲೆ ಚಿಲ್ಲರೆ ದಿನ ಉಳಿಯಿತು. ತಾವು ಕಳಿಸಿದ ನೇಮಕದ ಪತ್ರವನ್ನು ಅವರು ಸರ್ರೆಯ ಈಗಿನ ಶಾಲೆಗೆ ತೋರಿಸಿ, ಅಲ್ಲಿಯೇ ಇನ್ನೂ ದೊಡ್ಡ ಕೋಣೆಯನ್ನು ಪಡೆದು, ತನ್ನ ಪಯಣ ಬೇರೆ ದಾರಿ ಹಿಡಿದಿದೆಯೆಂದು ತಮಗೆ ಬರೆದರು. ಅವರು ನಮಗೆ ತರಬೇಕಿದ್ದ ತಾಜಾ ಗಾಳಿ ಬಂದ ದಾರಿಯಲ್ಲೇ ದಕ್ಷಿಣಕ್ಕೆ ಬೀಸಿಕೊಂಡು ಹೋಯಿತು.

ಆಗ ತಮ್ಮ ಕೃಪಾದೃಷ್ಟಿ ಮತ್ತೆ ನನ್ನ ಮೇಲೆ ಬಿತ್ತು. "ಇನ್ನೊಂದೇ ಒಂದು ವರ್ಷ ಬೆವ್, ಪ್ರಭಾರದಲ್ಲೇ ಇದ್ದುಬಿಡಿ, ಶಾಲೆಗೆ ನಿಮ್ಮನ್ನ ಬಿಟ್ರೆ ಯಾರಿದಾರೆ?" ಎಂದು ತಾವು ಫೋನಿನಲ್ಲಿ ಹೇಳಿದಾಗ, ಸಂದರ್ಶನದ ದಿನ ಆ ಪ್ರಶ್ನೆ ತಮ್ಮ ಬಾಯಿಗೆ ಯಾಕೆ ಬರಲಿಲ್ಲವೆಂದು ಕೇಳಬೇಕೆನಿಸಿತು. ನನ್ನ ವೃತ್ತಿ ಬೆಳೆಯಬೇಕೆಂಬ ಕಾಳಜಿಯಿಂದ ತಾವು 'ನಾಳೆಯ ನಾಯಕರು' ಎಂಬ ತರಬೇತಿಗೂ ನನ್ನ ಹೆಸರು ಬರೆಸಿದಿರಿ. ಮೊದಲ ತರಗತಿಗೆ ಹೋದರೆ ಅಂದಿನ ಪಾಠ ಬೆಂಕಿಯ ಗಂಟೆ ಹೊಡೆದಾಗ ಸ್ಕಾರ್‌ಹೋಮ್ ಶಾಲೆ ಎಷ್ಟು ಅಚ್ಚುಕಟ್ಟಾಗಿ ಖಾಲಿಯಾಯಿತು ಎಂಬುದರ ಮೇಲೆ. ಟ್ರಸ್ಟಿನ ನಾಯಕತ್ವಕ್ಕೆ ಅದು ಮಾದರಿಯಂತೆ. ಪಾಠ ಹೇಳಿಕೊಡುತ್ತಿದ್ದ ಹುಡುಗ ನನ್ನ ಕಡೆ ತಿರುಗಿ, "ನೀವು ಅಲ್ಲಿದ್ದಿದ್ರೆ ಏನು ಮಾಡ್ತಿದ್ರಿ ಅಂತ ಸ್ವಲ್ಪ ಬರೀರಿ ಮೇಡಂ" ಎಂದು ಹಾಳೆ ಕೊಟ್ಟ. ಆಳವಾಗಿ ಉಸಿರೆಳೆದುಕೊಳ್ಳುತ್ತೇನೆ ಎಂದು ಬರೆದೆ. ಪೂರ್ತಿ ಅಂಕ ಬಂತು.

ಇಷ್ಟು ಉಪಕಾರ ಮಾಡಿದ ತಮ್ಮಲ್ಲಿ ನನ್ನವು ಕೆಲವು ಸಣ್ಣ ಪ್ರಾರ್ಥನೆಗಳಿವೆ. ಮುಂದಿನ ಸಂದರ್ಶನದ ದಿನ ಬೆಂಕಿ, ಹೊಗೆ, ಗಲಾಟೆ, ಮೂಗಿನಲ್ಲಿ ರಕ್ತ ಇತ್ಯಾದಿಗಳೆಲ್ಲ ಬರಬೇಕಾದರೆ ಕಾಗದದ ಮೇಲೆಯೇ ಬರುವಂತೆ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಹೊರಡಿಸಬೇಕು. ಆ ದಿನ ನಿಜವಾಗಿ ಅಳುವ ಮಗುವಿಗೆ ಅಳು ಮುಂದೂಡಲು ಹೇಳಬೇಕು. ಶಾಲೆ ನಡೆಸುವವರು ಮತ್ತು ಶಾಲೆ ನಡೆಸುವುದರ ಬಗ್ಗೆ ಬರೆಯುವವರು ಒಂದೇ ಕೋಣೆಯಲ್ಲಿ ಸಿಕ್ಕಿಬೀಳದಂತೆ ನಡುವೆ ಗೋಡೆ ಕಟ್ಟಿಸಬೇಕು. ಗಾರೆ ಕೆಲಸ ಲೆನ್ ಮಾಡುತ್ತಾರೆ. ಹೊರಗಿನ ಗಾಳಿಯನ್ನು ಡಬ್ಬಿಗಳಲ್ಲಿ ತುಂಬಿ ತರಿಸುವ ವ್ಯವಸ್ಥೆಯಾದರೆ ಒಳಗಿನವರಿಗೆ ಸುಮ್ಮನೆ ಹೊಸ ಕೋಟು ಕೊಳ್ಳುವುದು ತಪ್ಪುತ್ತದೆ. ಮತ್ತು ದಯವಿಟ್ಟು ಆ ಟೋಸ್ಟರಿಗೂ ಒಬ್ಬ ನಾಯಕರನ್ನು ನೇಮಿಸಬೇಕು.

ಇನ್ನೊಂದು ವಿಷಯ. ರಜೆಗೆ ಮುಂಚಿನ ವಾರ ನಾನು ಗುಡ್ಡದ ಆಚೆಯ ಹ್ಯಾಗ್‌ಥ್ವೇಟ್ ಶಾಲೆಗೆ ಹೋಗಿದ್ದೆ. ಅಲ್ಲಿ ಉಪಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿತ್ತು. ಅಲ್ಲಿಯೂ ಕೆಂಪು ಟ್ಯಾಗು ಹಾಕಿದರು, ಆದರೆ ಅಲ್ಲಿ ನಾನು ನಿಜಕ್ಕೂ ಹೊಸಬಳಾದ್ದರಿಂದ ಅದು ಕೊರಳಿಗೆ ಚುಚ್ಚಲಿಲ್ಲ. ಊಟದ ಹೊತ್ತು ಕಳೆಯಿತು, ಯಾರೂ ನನಗೆ ಟ್ಯಾಕ್ಸಿ ತರಿಸಲಿಲ್ಲ. ಸಂಜೆ ಅಲ್ಲಿಯ ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದಿಟ್ಟು, "ಕೊನೇದಾಗಿ ಒಂದು ಕೇಳ್ತೀನಿ ಬೆವರ್ಲಿ, ನೀವು ಈಗ್ಲೂ ದೃಢ ಅಭ್ಯರ್ಥಿ ತಾನೇ?" ಎಂದರು. ಸ್ಕಾರ್‌ಹೋಮಿಗೆ ಇಷ್ಟು ವರ್ಷ ದುಡಿದರೂ ಆ ಪ್ರಶ್ನೆಯನ್ನು ನನಗೆ ಇಲ್ಲಿ ಯಾರೂ ಕೇಳಿರಲಿಲ್ಲ, ಮಾನ್ಯರೇ. ತಾವು ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಬಾಯ್ಲರು ಸತ್ತ ದಿನವೂ ಎನ್ನುತ್ತಿದ್ದೆ, ಬನ್ನು ಸುಟ್ಟ ದಿನವೂ ಎನ್ನುತ್ತಿದ್ದೆ. ಅವರಿಗೆ ಹೌದು ಎಂದೆ. ನಾನು ಮನೆ ತಲುಪುವ ಮೊದಲೇ ಫೋನು ಬಂತು.

ಬೇಸಿಗೆಯ ನಂತರ ಬೇರೆ ಶಾಲೆಗೆ ಹೋಗುವ ಶಿಕ್ಷಕರು ಮೇ ಮೂವತ್ತೊಂದರೊಳಗೆ ರಾಜೀನಾಮೆ ಕೊಡಬೇಕಾದ್ದರಿಂದ, ಮತ್ತು ಇಂದು ಮೇ ಮೂವತ್ತೊಂದಾದ್ದರಿಂದ, ಈ ಪತ್ರದೊಂದಿಗೆ ಅದನ್ನೂ ಇಟ್ಟಿದ್ದೇನೆ. ನಿಯಮದಂತೆ ಅದು ಶಾಲೆಯ ಮುಖ್ಯಸ್ಥರ ಕೈ ಸೇರಬೇಕು, ಸೇರಿದೆ. ಬಿಟ್ಟುಹೋಗುವವರನ್ನು ಮುಖ್ಯಸ್ಥರು ಕೂರಿಸಿಕೊಂಡು ಕಾರಣ ಕೇಳಬೇಕೆಂದೂ ಇದೆ. ಕೇಳಿದೆ. ಏನು ಮಾಡಿದ್ದರೆ ಉಳಿಯುತ್ತಿದ್ದಿರಿ ಎಂದಾಗ, ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಎಂದರು. ರಾಜೀನಾಮೆಯನ್ನು ನಾನು ತೀವ್ರ ವಿಷಾದದಿಂದ ಅಂಗೀಕರಿಸಿದ್ದೇನೆ. ಟ್ರಸ್ಟಿನಲ್ಲಿ ಯಾರಾದರೊಬ್ಬರು ವಿಷಾದಪಡಬೇಕಿತ್ತು.

ತಮ್ಮ ಬನ್ನುಗಳೆಲ್ಲ ಹದವಾಗಿ ಬೇಯಲಿ ಎಂದು ಹಾರೈಸುತ್ತಾ,

ಎರಡು ಕುರ್ಚಿಗಳಲ್ಲೂ ಕೂತೆದ್ದ,
ತಮ್ಮ ವಿಶ್ವಾಸಿ
ಬೆವರ್ಲಿ ಹೋಲ್ರಾಯ್ಡ್
(ಪ್ರಭಾರ, ಬೇಸಿಗೆ ರಜೆಯವರೆಗೆ ಮಾತ್ರ)

ಮರೆತ ಮಾತು: ಪತ್ರ ಮುಗಿಸುವ ಹೊತ್ತಿಗೆ ಪಾಲೀನ್ ಫೋನು ಮಾಡಿ, ಮುಖ್ಯೋಪಾಧ್ಯಾಯರ ಹುದ್ದೆಗೆ ತಮ್ಮ ಹೊಸ ಜಾಹೀರಾತು ಬಂದಿದೆ, 'ಹೊರಗಿನ ಅಭ್ಯರ್ಥಿಗಳಿಗೆ ವಿಶೇಷ ಸ್ವಾಗತ' ಎಂದಿದೆ ಎಂದರು. ಸೆಪ್ಟೆಂಬರಿನಿಂದ ನಾನು ಗುಡ್ಡದ ಆಚೆಯವಳು. ಹೊರಗಿನ ಗಾಳಿ ಎಂದರೆ ಇನ್ನು ಮೇಲೆ ನಾನೇ ಆದ್ದರಿಂದ ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಬೆಂಕಿಯ ಪ್ರಶ್ನೆಗೆ ಅಂದು ಅರ್ಧಕ್ಕೆ ಬಿಟ್ಟ ಉತ್ತರವನ್ನೂ ಪೂರ್ತಿ ಮಾಡಿ ಲಗತ್ತಿಸಿದ್ದೇನೆ. 'ಎದ್ದು ಹೋದೆ' ಎಂಬ ಎರಡೇ ಪದ. ಸಂದರ್ಶನದ ದಿನ ಶಾಲೆ ತೋರಿಸಲು ಅರೂಬಾಳನ್ನೇ ಕಳಿಸಿ. ಮತ್ತೆ ಗಂಟೆ ಹೊಡೆದರೆ ತಾವೂ ತಟ್ಟೆ ಕೆಳಗಿಟ್ಟು ಅವಳ ಹಿಂದೆಯೇ ಹೊರಡಿ. ದಾರಿ ಅವಳಿಗೆ ಗೊತ್ತಿದೆ.